ನಾಲ್ಕು ತಂತಿ, ನಾಲ್ಕು ವರ್ಷ

ವಸ್ತಾರೆಯಿಂದ ಚಿಕ್ಕಮಗಳೂರಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕೊನೆಯ ಸೀಟು ನಮ್ಮದು. ಡಿಗ್ರಿಯ ಮೂರು ವರ್ಷ ಅಲ್ಲೇ ಕೂತು ಹೋಗಿ ಬಂದಿದ್ದೇವೆ. ಈಗ ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಲೈಬ್ರರಿಗೆ ಹೋಗುವಾಗಲೂ ಅಲ್ಲೇ. ನಾಲ್ಕು ಜನ ಗೆಳೆಯರಿಗೆ ಎರಡು ಇಯರ್‌ಫೋನ್, ಒಬ್ಬೊಬ್ಬರಿಗೆ ಒಂದೊಂದು ಕಿವಿ. ದಾರಿಯಲ್ಲಿ ನೆಟ್‌ವರ್ಕ್ ನಂಬುವ ಹಾಗಿಲ್ಲ, ಹಾಡುಗಳನ್ನೆಲ್ಲ ಮೊದಲೇ ಫೋನಿಗೆ ಇಳಿಸಿಕೊಂಡಿರಬೇಕು. ಯಾರ ಫೋನೋ ಅವರದೇ ಬ್ಯಾಂಡು, ಹಾಗಾಗಿ ಜಗಳ ದಿನಾ ಇದ್ದದ್ದೇ.

ಒಬ್ಬ ಐರನ್ ಮೇಡನ್ ಭಕ್ತ. 2007ರ ಮಾರ್ಚಿನಲ್ಲಿ ಆ ಬ್ಯಾಂಡು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಅವನ ದೊಡ್ಡಪ್ಪನ ಮಗ ಹೋಗಿದ್ದನಂತೆ. ಅಣ್ಣ ತಂದ ಕಪ್ಪು ಟೀ ಶರ್ಟು ಈಗ ಇವನ ಮೈಮೇಲಿದೆ, ಅದರ ಮೇಲಿನ ಅಸ್ಥಿಪಂಜರ ನೋಡಿದಾಗಲೆಲ್ಲ ಅವನ ಅಜ್ಜಿ ಮನೆಗೆ ಅಪಶಕುನ ಅಂತ ಗೊಣಗುತ್ತಾರೆ. ಇನ್ನೊಬ್ಬನಿಗೆ ನಮ್ಮ ಬೆಂಗಳೂರಿನದೇ ಆದ ಕ್ರಿಪ್ಟೋಸ್ ಇಷ್ಟ. ಕನ್ನಡದ ನೆಲದಲ್ಲಿ ಹುಟ್ಟಿದ ಬ್ಯಾಂಡು ಯುರೋಪಿಗೆ ಹೋಗಿ ಬಾರಿಸಿ ಬರುವುದು ಅವನಿಗೆ ದೊಡ್ಡ ಹೆಮ್ಮೆ. ಮೂರನೆಯವನು ಮೆಗಾಡೆತ್ ಬಿಟ್ಟು ಬೇರೆ ಕೇಳುವುದಿಲ್ಲ. ನನ್ನದು ಮೆಟಾಲಿಕಾ. ಮೆಟಾಲಿಕಾದಿಂದ ಹೊರಹಾಕಿಸಿಕೊಂಡ ಡೇವ್ ಮಸ್ಟೇನ್ ಕಟ್ಟಿದ್ದೇ ಮೆಗಾಡೆತ್. ಆದ್ದರಿಂದ ನಮ್ಮಿಬ್ಬರದು ನಾವು ಹುಟ್ಟುವ ಮೊದಲೇ ಶುರುವಾದ ವ್ಯಾಜ್ಯ.

ಆದರೆ ನೆಚ್ಚಿನವರು ಯಾರು ಅಂತ ನನ್ನ ಸರದಿ ಬಂದಾಗ ನಾನು ಬ್ಯಾಂಡಿನ ಹೆಸರು ಹೇಳುವುದಿಲ್ಲ. ಒಬ್ಬ ಮನುಷ್ಯನ ಹೆಸರು ಹೇಳುತ್ತೇನೆ. ಕ್ಲಿಫ್ ಬರ್ಟನ್. ಅವನು ಮೆಟಾಲಿಕಾದಲ್ಲಿ ಇದ್ದದ್ದು ನಾಲ್ಕು ವರ್ಷವೂ ಅಲ್ಲ. ಬಾರಿಸುತ್ತಿದ್ದದ್ದು ಬೇಸ್ ಗಿಟಾರ್. ಸತ್ತಾಗ ಅವನಿಗೆ 24. ನನಗೀಗ 23.

ಬೇಸ್ ಗಿಟಾರ್ ಎಂದರೆ ಏನು ಎಂದು ಮನೆಯಲ್ಲಿ ವಿವರಿಸಲು ನನಗೆ ಸಿಕ್ಕಿದ್ದು ಯಕ್ಷಗಾನದ ಉದಾಹರಣೆಯೇ. ಚಂಡೆಯ ಸದ್ದು ಬಯಲಿನ ಆಚೆ ಮಲಗಿದವರನ್ನೂ ಎಬ್ಬಿಸುತ್ತದೆ. ಮದ್ದಳೆಯನ್ನು ಯಾರೂ ಬೇರೆಯಾಗಿ ಕೇಳಿಸಿಕೊಳ್ಳುವುದಿಲ್ಲ, ಅದು ನಿಂತರೆ ಮಾತ್ರ ಏನೋ ಟೊಳ್ಳಾಯಿತು ಅನಿಸುತ್ತದೆ. ಸಾಮಾನ್ಯ ಗಿಟಾರಿಗೆ ಆರು ತಂತಿ, ಬೇಸ್‌ಗೆ ನಾಲ್ಕು. ದಪ್ಪ ತಂತಿ, ತಗ್ಗಿನ ಸ್ವರ. ರಾಕ್ ಬ್ಯಾಂಡಿನಲ್ಲಿ ಫೋಟೋದ ಮೂಲೆಯಲ್ಲಿ ನಿಲ್ಲುವವನು ಸಾಮಾನ್ಯವಾಗಿ ಈ ವಾದ್ಯದವನೇ. ಕ್ಲಿಫ್ ಅದನ್ನು ಮೂಲೆಯಿಂದ ಎಳೆದು ತಂದು ಮಧ್ಯದಲ್ಲಿ ನಿಲ್ಲಿಸಿದ.

ಅವನು ಹುಟ್ಟಿದ್ದು 1962ರ ಫೆಬ್ರುವರಿ 10ರಂದು, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಬೆಳೆದದ್ದು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಪೂರ್ವಕ್ಕಿರುವ ಕ್ಯಾಸ್ಟ್ರೋ ವ್ಯಾಲಿ ಎಂಬ ಊರಿನಲ್ಲಿ. ತಂದೆ ರೇ, ತಾಯಿ ಜಾನ್. ಮೂರು ಮಕ್ಕಳಲ್ಲಿ ಇವನೇ ಕಿರಿಯ. ತಂದೆಗೆ ಶಾಸ್ತ್ರೀಯ ಸಂಗೀತದ ಹುಚ್ಚು. ಮಗ ಚಿಕ್ಕವನಿದ್ದಾಗಲೇ ಪಿಯಾನೋ ಪಾಠಕ್ಕೆ ಸೇರಿದ. ಮುಂದೆ ಮೆಟಲ್ ಬಾರಿಸುವ ಕಾಲದಲ್ಲೂ ಅವನು ಬಾಖ್‌ನ ಸಂಗೀತವನ್ನು ಬಿಡಲಿಲ್ಲ.

ಅವನಿಗೆ 13 ವರ್ಷವಾಗಿದ್ದಾಗ ಅಣ್ಣ ಸ್ಕಾಟ್ ತೀರಿಕೊಂಡ. ಮೆದುಳಿನ ರಕ್ತನಾಳದ ತೊಂದರೆ. ಇನ್ನೂ ಹೈಸ್ಕೂಲು ವಯಸ್ಸಿನ ಹುಡುಗ. ಆಮೇಲೆ ಕ್ಲಿಫ್ ಬೇಸ್ ಗಿಟಾರನ್ನು ಹಿಡಿದ ರೀತಿಯೇ ಬೇರೆ. ಅಣ್ಣನಿಗಾಗಿ ತಾನು ಅತ್ಯುತ್ತಮ ವಾದಕನಾಗುತ್ತೇನೆ ಎಂದು ಅವನು ಹೇಳಿಕೊಂಡಿದ್ದನ್ನು ತಾಯಿ ಮುಂದೆ ನೆನಪು ಮಾಡಿಕೊಂಡಿದ್ದಾರೆ. ಮಗನಲ್ಲಿ ಅಂಥ ದೊಡ್ಡ ಪ್ರತಿಭೆಯೇನೂ ಕಂಡಿರಲಿಲ್ಲ ಎಂದೂ ಅವರೇ ಹೇಳಿದ್ದಾರೆ. ನನಗೆ ಈ ಎರಡನೆಯ ಮಾತು ಮೊದಲನೆಯದಕ್ಕಿಂತ ಹೆಚ್ಚು ಹಿಡಿಸಿತು. ದೊಡ್ಡ ಕಲಾವಿದರ ತಾಯಂದಿರೆಲ್ಲ ತೊಟ್ಟಿಲಲ್ಲೇ ಗುರುತಿಸಿದೆವು ಅನ್ನುವ ಕಥೆ ಕೇಳಿ ಕೇಳಿ ಸಾಕಾಗಿದೆ. ಹುಡುಗ ದಿನಕ್ಕೆ ನಾಲ್ಕು, ಆರು ಗಂಟೆ ಅಭ್ಯಾಸ ಮಾಡುತ್ತಿದ್ದ. ಮೆಟಾಲಿಕಾ ಸೇರಿದ ಮೇಲೂ ಅದು ನಿಲ್ಲಲಿಲ್ಲ. ಒಬ್ಬ ಗುರುವಿನ ಹತ್ತಿರ ಇದ್ದದ್ದನ್ನೆಲ್ಲ ಕಲಿತ ಮೇಲೆ ಇನ್ನೊಬ್ಬರನ್ನು ಹುಡುಕಿಕೊಂಡು ಹೋಗುತ್ತಿದ್ದ.

1980ರಲ್ಲಿ ಕ್ಯಾಸ್ಟ್ರೋ ವ್ಯಾಲಿ ಹೈಸ್ಕೂಲು ಮುಗಿಯಿತು. ಹತ್ತಿರದ ಶಾಬೋ ಕಾಲೇಜಿಗೂ ಸೇರಿದ. ಅಲ್ಲಿ ಜಿಮ್ ಮಾರ್ಟಿನ್ ಎಂಬ ಗಿಟಾರ್ ಗೆಳೆಯನ ಜೊತೆ ಸ್ಥಳೀಯ ಬ್ಯಾಂಡ್ ಸ್ಪರ್ಧೆಗಳಲ್ಲಿ ಬಾರಿಸಿದ. ಈ ಜಿಮ್ ಮುಂದೆ ಫೇತ್ ನೋ ಮೋರ್ ಬ್ಯಾಂಡಿನಲ್ಲಿ ಹೆಸರು ಮಾಡಿದ. ಆದರೆ ಆಗ ಇವರೆಲ್ಲ ನಮ್ಮ ಹಾಗೆಯೇ. ಕೈಯಲ್ಲಿ ಕೆಲಸವಿಲ್ಲ, ಮನೆಯಲ್ಲಿ ಊಟ.

ಪೂರ್ಣಾವಧಿ ಸಂಗೀತಗಾರನಾಗುತ್ತೇನೆ ಎಂದು ಕ್ಲಿಫ್ ಮನೆಯಲ್ಲಿ ಹೇಳಿದಾಗ ರೇ ಮತ್ತು ಜಾನ್ ಬೈಯಲಿಲ್ಲ, ಹೊಗಳಲೂ ಇಲ್ಲ. ಕರಾರು ಮಾಡಿಕೊಂಡರು. ನಾಲ್ಕು ವರ್ಷ. ಅಷ್ಟು ದಿನ ಊಟ, ಬಾಡಿಗೆಯ ಖರ್ಚು ನಮ್ಮದು. ನಾಲ್ಕು ವರ್ಷದಲ್ಲಿ ನಿಧಾನವಾಗಿಯಾದರೂ ಮೇಲೆ ಬರುತ್ತಿದ್ದೀಯ ಅಂತ ಕಾಣಬೇಕು. ಕಾಣದಿದ್ದರೆ ಬದುಕಿಗೆ ಬೇರೆ ಕೆಲಸ ನೋಡಿಕೊಳ್ಳಬೇಕು. ಮಗ ಒಪ್ಪಿದ.

ಈ ಕರಾರಿನ ವಿಷಯ ಓದಿದ ದಿನ ನಾನು ಲೈಬ್ರರಿಯಲ್ಲಿ ಪುಸ್ತಕ ತೆರೆಯಲಿಲ್ಲ. ಯಾಕೆಂದರೆ ನನಗೂ ಒಂದು ಗಡುವು ಇದೆ. ನಮ್ಮಪ್ಪ ಕಾಫಿ ತೋಟವೊಂದರಲ್ಲಿ ರೈಟರ್. ಆಳುಗಳ ಹಾಜರಿ, ಹಣ್ಣಿನ ತೂಕ, ಬಟವಾಡೆಯ ಲೆಕ್ಕ ಎಲ್ಲ ಅವರದು. ಡಿಗ್ರಿ ಮುಗಿದ ದಿನ ನನ್ನನ್ನೂ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡವರ ಹಾಗೆ ಎರಡು ವರ್ಷ ಅಂದರು. ಪರೀಕ್ಷೆ ಕಟ್ಟು, ಓದು, ಬಸ್ ಪಾಸು, ಫೀಸು ನಾನು ನೋಡಿಕೊಳ್ಳುತ್ತೇನೆ. ಆಗದಿದ್ದರೆ ಸಾಹುಕಾರರ ಹತ್ತಿರ ಮಾತಾಡಿ ತೋಟದಲ್ಲೇ ಕೆಲಸ ಕೊಡಿಸುತ್ತೇನೆ. ನನಗೆ ಅದು ಬೆದರಿಕೆಯ ಹಾಗೆ ಕೇಳಿಸಿತ್ತು. ಕೆಲವು ವಾರ ಸರಿಯಾಗಿ ಮಾತೂ ಆಡಿರಲಿಲ್ಲ. ಅಪ್ಪನ ಸಂಬಳದಲ್ಲಿ ಎರಡು ವರ್ಷ ಎಂದರೆ ಎಷ್ಟು ಎಂದು ನಾನು ಲೆಕ್ಕ ಹಾಕಿದ್ದು ಕ್ಲಿಫ್‌ನ ಕರಾರು ಓದಿದ ಮೇಲೆಯೇ.

ಮತ್ತೆ ಕ್ಲಿಫ್‌ನ ವಿಷಯಕ್ಕೆ ಬರುತ್ತೇನೆ. ಅವನು ಟ್ರಾಮಾ ಎಂಬ ಬ್ಯಾಂಡು ಸೇರಿದ. 1982ರಲ್ಲಿ ಆ ಬ್ಯಾಂಡು ಲಾಸ್ ಏಂಜಲೀಸ್‌ನ ವಿಸ್ಕಿ ಎ ಗೋ ಗೋ ಕ್ಲಬ್ಬಿನಲ್ಲಿ ಬಾರಿಸಿತು. ನೋಡಲು ಬಂದವರಲ್ಲಿ ಜೇಮ್ಸ್ ಹೆಟ್‌ಫೀಲ್ಡ್, ಲಾರ್ಸ್ ಉಲ್ರಿಕ್ ಇದ್ದರು. ಹಿಂದಿನ ವರ್ಷವಷ್ಟೇ ಮೆಟಾಲಿಕಾ ಕಟ್ಟಿಕೊಂಡಿದ್ದ ಹುಡುಗರು. ವೇದಿಕೆಯಿಂದ ಬರುತ್ತಿದ್ದ ಒಂದು ಅಬ್ಬರದ ಸೋಲೋ ಕೇಳಿ ಗಿಟಾರ್ ಬಾರಿಸುತ್ತಿರುವವನು ಯಾರು ಅಂತ ಹುಡುಕಿದರಂತೆ. ನೋಡಿದರೆ ಅದು ಬೇಸ್. ಬೆರಳಿನಿಂದ ಮೀಟುತ್ತ, ಕಾಲಡಿಯ ಪೆಡಲ್‌ನಿಂದ ಸ್ವರವನ್ನು ತಿರುಚುತ್ತ, ಉದ್ದ ಕೂದಲನ್ನು ಚಕ್ರದಂತೆ ಬೀಸುತ್ತ ನಿಂತಿದ್ದ ಹುಡುಗ. ತೊಟ್ಟಿದ್ದು ಬೆಲ್ ಬಾಟಮ್. ಅದರ ಫ್ಯಾಷನ್ ಮುಗಿದು ವರ್ಷಗಳೇ ಆಗಿದ್ದವು, ಉಳಿದವರೆಲ್ಲ ಬಿಗಿ ಪ್ಯಾಂಟಿಗೆ ಬಂದಿದ್ದರು. ಅವನು ಕೊನೆಯವರೆಗೂ ಬೆಲ್ ಬಾಟಮ್ ಬಿಡಲಿಲ್ಲ.

ನಮ್ಮ ಬ್ಯಾಂಡಿಗೆ ಬಾ ಎಂದು ಅವರು ಕರೆದರು. ಅವನು ತಕ್ಷಣ ಹೂಂ ಅನ್ನಲಿಲ್ಲ. ಲಾಸ್ ಏಂಜಲೀಸ್‌ಗೆ ನಾನು ಬರುವುದಿಲ್ಲ, ಬೇಕಿದ್ದರೆ ನೀವೇ ಸ್ಯಾನ್ ಫ್ರಾನ್ಸಿಸ್ಕೋ ಕಡೆಗೆ ಬನ್ನಿ ಅಂದ. ಒಬ್ಬ ಬೇಸ್ ವಾದಕನಿಗಾಗಿ ಇಡೀ ಬ್ಯಾಂಡು ಊರು ಬದಲಿಸಿತು. 1983ರ ಮಾರ್ಚ್ 5ರಂದು ಸ್ಯಾನ್ ಫ್ರಾನ್ಸಿಸ್ಕೋದ ದಿ ಸ್ಟೋನ್ ಕ್ಲಬ್ಬಿನಲ್ಲಿ ಕ್ಲಿಫ್ ಮೊದಲ ಬಾರಿಗೆ ಅವರ ಜೊತೆ ವೇದಿಕೆ ಹತ್ತಿದ. ಮುಂದಿನ ತಿಂಗಳು ಡೇವ್ ಮಸ್ಟೇನ್ ಹೋಗಿ ಕರ್ಕ್ ಹ್ಯಾಮೆಟ್ ಬಂದ. (ನನ್ನ ಮೆಗಾಡೆತ್ ಗೆಳೆಯ ಈ ವಾಕ್ಯವನ್ನು ಇನ್ನೂ ಉದ್ದ ಬರೆಯಬೇಕಿತ್ತು ಅನ್ನುತ್ತಾನೆ.)

ಅದೇ ವರ್ಷ ಜುಲೈನಲ್ಲಿ ಮೊದಲ ಆಲ್ಬಂ 'ಕಿಲ್ ದೆಮ್ ಆಲ್' ಬಂತು. ಅದರಲ್ಲಿ ಒಂದು ಇಡೀ ಟ್ರ್ಯಾಕ್ ಬೇಸ್ ಸೋಲೋಗೇ ಮೀಸಲು. ಮೊದಲ ಆಲ್ಬಮ್ಮಿನಲ್ಲೇ ಹೀಗೆ ಮಾಡಲು ಧೈರ್ಯ ಬೇಕು. ಹೆಸರು ಬಂತೇ ಹೊರತು ದುಡ್ಡು ಬರಲಿಲ್ಲ. ಕಂಡವರ ಮನೆಯಲ್ಲಿ ಮಲಗುವುದು, ವ್ಯಾನಿನಲ್ಲಿ ಊರೂರು ಸುತ್ತುವುದು. 1984ರ ಆರಂಭದಲ್ಲಿ ಬಾಸ್ಟನ್ನಿನಲ್ಲಿ ಅವರ ವಾದ್ಯ ಸಾಮಗ್ರಿಯೇ ಕಳುವಾಯಿತು. ಹಾಗಿದ್ದೂ ಅದೇ ವರ್ಷ ಕೋಪನ್‌ಹೇಗನ್ನಿನ ಸ್ಟುಡಿಯೋದಲ್ಲಿ ಎರಡನೆಯ ಆಲ್ಬಂ 'ರೈಡ್ ದಿ ಲೈಟ್ನಿಂಗ್' ಮಾಡಿದರು. ಅದರಲ್ಲಿನ 'ಫಾರ್ ಹೂಮ್ ದಿ ಬೆಲ್ ಟೋಲ್ಸ್' ಹಾಡಿನ ಶುರುವಿನಲ್ಲಿ ಗಂಟೆಯ ಸದ್ದಿನ ಮೇಲೆ ಕೊರೆಯುತ್ತ ಬರುವ ನಾದವನ್ನು ನಾನು ಎರಡು ವರ್ಷ ಗಿಟಾರ್ ಎಂದೇ ತಿಳಿದಿದ್ದೆ. ಅದು ಬೇಸ್. ವಿಸ್ಕಿ ಕ್ಲಬ್ಬಿನಲ್ಲಿ ಜೇಮ್ಸ್, ಲಾರ್ಸ್ ಮೋಸಹೋದ ಹಾಗೆಯೇ ನಾನೂ ಈ ಬಸ್ಸಿನಲ್ಲಿ ಮೋಸಹೋದೆ.

ಆ ವರ್ಷವೇ ಎಲೆಕ್ಟ್ರಾ ಎಂಬ ದೊಡ್ಡ ಕಂಪನಿ ಮೆಟಾಲಿಕಾ ಜೊತೆ ಒಪ್ಪಂದ ಮಾಡಿಕೊಂಡಿತು. ಹೈಸ್ಕೂಲು ಮುಗಿದದ್ದು 1980ರಲ್ಲಿ, ಒಪ್ಪಂದ 1984ರಲ್ಲಿ. ರೇ ಮತ್ತು ಜಾನ್ ಮಗನಿಗೆ ಬೇರೆ ಕೆಲಸ ಹುಡುಕು ಎಂದು ಹೇಳಬೇಕಾಗಿ ಬರಲಿಲ್ಲ.

ಅಭಿಮಾನಿಗಳಾದ ನಮ್ಮಂಥವರಿಗೆ ಕ್ಲಿಫ್ ಹತ್ತಿರದವನು ಅನಿಸಲು ಇನ್ನೊಂದು ಕಾರಣವಿದೆ. ಅವನೂ ನಮ್ಮ ಬಸ್ಸಿನ ಕೊನೆಯ ಸೀಟಿನ ಜಾತಿಯವನೇ, ತಾನು ಮೆಚ್ಚಿದ್ದನ್ನು ಪಕ್ಕದವರ ಕಿವಿಗೆ ತುರುಕುವವನು. ಮಿಸ್‌ಫಿಟ್ಸ್ ಎಂಬ ಪಂಕ್ ಬ್ಯಾಂಡಿನ ಕ್ಯಾಸೆಟ್ಟನ್ನು ಪ್ರಯಾಣದಲ್ಲಿ ಹಾಕಿ ಹಾಕಿ ಜೊತೆಗಾರರ ತಲೆ ಚಿಟ್ಟು ಹಿಡಿಸಿದ. ಕಡೆಗೆ ಅವರೇ ಅದರ ಅಭಿಮಾನಿಗಳಾದರು. ಕ್ಲಿಫ್ ಸತ್ತ ಮರುವರ್ಷ ಮೆಟಾಲಿಕಾ ಮಿಸ್‌ಫಿಟ್ಸ್‌ನ ಹಾಡುಗಳನ್ನು ಬಾರಿಸಿ ರೆಕಾರ್ಡ್ ಮಾಡಿತು. ಲವ್‌ಕ್ರಾಫ್ಟ್ ಎಂಬ ಲೇಖಕನ ಭಯದ ಕಥೆಗಳನ್ನು ಅವರಿಗೆ ಓದಿಸಿದವನೂ ಇವನೇ. 'ದಿ ಕಾಲ್ ಆಫ್ ಕ್ಟುಲು' ಎಂಬ ವಾದ್ಯಕೃತಿಯ ಹೆಸರು ಬಂದದ್ದು ಹಾಗೆ. ಬಾಖ್‌ನಿಂದ ಕಲಿತ ಸ್ವರಮೇಳದ ಪಾಠವನ್ನು ಬ್ಯಾಂಡಿಗೆ ತಂದ. ಒಂದೇ ಸಮನೆ ಓಡುತ್ತಿದ್ದ ಸಂಗೀತಕ್ಕೆ ಎರಡು ಗಿಟಾರ್ ಬೇರೆ ಬೇರೆ ಸ್ವರದಲ್ಲಿ ಕೂಡಿ ಹಾಡುವುದು, ನಡುವೆ ನಿಧಾನವಾಗುವುದು, ಮತ್ತೆ ಏರುವುದು ಬಂತು.

ಇದೆಲ್ಲ ಒಟ್ಟಿಗೆ ಕೇಳಬೇಕೆಂದರೆ 1986ರ ಮಾರ್ಚ್ 3ರಂದು ಬಂದ 'ಮಾಸ್ಟರ್ ಆಫ್ ಪಪೆಟ್ಸ್' ಕೇಳಬೇಕು. ಅದರಲ್ಲಿ 'ಒರಾಯನ್' ಅಂತ ಎಂಟು ನಿಮಿಷ ಮೀರಿದ ಒಂದು ಕೃತಿಯಿದೆ. ಹಾಡುಗಾರಿಕೆ ಇಲ್ಲ. ಅರ್ಧದಲ್ಲಿ ಎಲ್ಲ ವಾದ್ಯಗಳೂ ಸರಿದು ಬೇಸ್ ಒಂದೇ ನಡೆಯಲು ಶುರುಮಾಡುತ್ತದೆ. ಮಳೆ ನಿಂತ ಮೇಲೆ ಸಿಲ್ವರ್ ಓಕ್ ಮರದಿಂದ ಕಾಫಿ ಗಿಡದ ಮೇಲೆ ಹನಿ ಬೀಳುತ್ತದಲ್ಲ, ನನಗೆ ಆ ಭಾಗ ಹಾಗೆ ಕೇಳಿಸುತ್ತದೆ. ಮೆಟಲ್ ಎಂದರೆ ಕಿರುಚಾಟ ಎನ್ನುವವರ ಜೊತೆ ನಾನು ವಾದ ಮಾಡುವುದಿಲ್ಲ, ಇದನ್ನು ಕೇಳಿಸುತ್ತೇನೆ.

ಆ ಬೇಸಿಗೆಯಲ್ಲಿ ಆಝಿ ಆಸ್ಬರ್ನ್ ಜೊತೆ ಅಮೆರಿಕ ಸುತ್ತಿದರು. ಬ್ಲ್ಯಾಕ್ ಸಬ್ಬತ್‌ನ ಹಾಡುಗಳನ್ನು ಕೇಳಿ ಬೆಳೆದ ಕ್ಲಿಫ್‌ಗೆ ಆ ಬ್ಯಾಂಡಿನ ಗಾಯಕನ ವೇದಿಕೆಯಲ್ಲೇ ಬಾರಿಸುವ ಅವಕಾಶ. ಆಮೇಲೆ ಯುರೋಪ್. ಸೆಪ್ಟೆಂಬರ್ 26ರಂದು ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಕಾರ್ಯಕ್ರಮ ಮುಗಿಸಿ ರಾತ್ರಿ ಬಸ್ಸಿನಲ್ಲಿ ಡೆನ್ಮಾರ್ಕಿನ ಕಡೆ ಹೊರಟರು. ಬಸ್ಸಿನಲ್ಲಿ ಮಲಗುವ ಜಾಗದ ಬಗ್ಗೆ ತಕರಾರು. ಕರ್ಕ್ ಮತ್ತು ಕ್ಲಿಫ್ ಇಸ್ಪೀಟೆಲೆ ಎತ್ತಿ ತೀರ್ಮಾನ ಮಾಡಿದರು. ಕ್ಲಿಫ್‌ಗೆ ಬಂದದ್ದು ಇಸ್ಪೀಟಿನ ಎಕ್ಕ. ಗೆದ್ದವನು ಕರ್ಕ್ ಮಲಗುತ್ತಿದ್ದ ಜಾಗ ಕೇಳಿದ. ಕರ್ಕ್ ಬಿಟ್ಟುಕೊಟ್ಟ.

27ರ ಬೆಳಗಿನ ಜಾವ, ಲ್ಯೂಂಗ್‌ಬಿ ಹತ್ತಿರದ ಡೋರಾರ್ಪ್ ಎಂಬಲ್ಲಿ ಬಸ್ಸು ರಸ್ತೆ ಬಿಟ್ಟು ಜಾರಿ ಪಕ್ಕಕ್ಕೆ ಮಗುಚಿತು. ನಿದ್ದೆಯಲ್ಲಿದ್ದ ಕ್ಲಿಫ್ ಕಿಟಕಿಯಿಂದ ಹೊರಗೆ ಎಸೆಯಲ್ಪಟ್ಟ. ಬಸ್ಸು ಅವನ ಮೇಲೆಯೇ ಬಿತ್ತು. ಬ್ಯಾಂಡಿನ ಉಳಿದ ಮೂವರೂ ಬದುಕಿದರು. ರಸ್ತೆಯ ಮೇಲಿನ ಕಣ್ಣಿಗೆ ಕಾಣದ ಹಿಮದಿಂದ ಬಸ್ಸು ಜಾರಿತು ಎಂದು ಚಾಲಕ ಹೇಳಿದ. ಜೇಮ್ಸ್ ಹೆಟ್‌ಫೀಲ್ಡ್ ಒಳಚಡ್ಡಿ, ಕಾಲುಚೀಲದಲ್ಲೇ ಆ ಚಳಿಯಲ್ಲಿ ಬಂದ ದಾರಿಯಲ್ಲಿ ಹಿಂದಕ್ಕೆ ನಡೆಯುತ್ತ ಹೋದ, ಹಿಮ ಎಲ್ಲಿದೆ ಎಂದು ಹುಡುಕುತ್ತ. ಅವನಿಗೆ ಹಿಮ ಸಿಗಲಿಲ್ಲ. ತನಿಖೆಯ ನಂತರ ಚಾಲಕನ ಮೇಲೆ ಆರೋಪ ಉಳಿಯಲಿಲ್ಲ.

ಚಾರ್ಮಾಡಿಯ ಮಂಜಿನಲ್ಲಿ, ಮಳೆಗಾಲದ ತಿರುವುಗಳಲ್ಲಿ ಓಡಾಡಿ ಬೆಳೆದ ನಮಗೆ ಬಸ್ಸು ಜಾರುವುದು ಹೊಸ ಸುದ್ದಿಯಲ್ಲ. ಆ ಎಲೆಯ ಕಥೆ ಹೇಳಿದರೆ ಹಿರಿಯರು ಹಣೆಬರಹ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ನನಗೆ ಆ ಮಾತು ಕೇಳಿದರೆ ಸಿಟ್ಟು ಬರುತ್ತದೆ. ಇಸ್ಪೀಟೆಲೆಯ ಕಥೆ ಎಲ್ಲರಿಗೂ ಗೊತ್ತು. ದಿನಕ್ಕೆ ಆರು ಗಂಟೆಯ ಅಭ್ಯಾಸದ ಕಥೆ ಹೇಳುವವರು ಕಡಿಮೆ.

ಅಕ್ಟೋಬರ್ 7ರಂದು ಕ್ಯಾಸ್ಟ್ರೋ ವ್ಯಾಲಿಯಲ್ಲಿ ಅಂತ್ಯಕ್ರಿಯೆಯ ವೇಳೆ 'ಒರಾಯನ್' ಹಾಕಿದರು. ಅವನು ಗೆಳೆಯರೊಂದಿಗೆ ಹಾಡಿ ಬಾರಿಸುತ್ತಿದ್ದ ಮ್ಯಾಕ್ಸ್‌ವೆಲ್ ರ‍್ಯಾಂಚ್ ಎಂಬಲ್ಲಿ ಬೂದಿಯನ್ನು ಚೆಲ್ಲಿದರು. ಬ್ಯಾಂಡು ಮುಂದುವರಿಯಬೇಕೋ ಬೇಡವೋ ಎಂಬ ಪ್ರಶ್ನೆಗೆ ಮುಂದುವರಿಸಿ ಎಂದು ಹರಸಿದವರಲ್ಲಿ ಎರಡನೇ ಮಗನನ್ನೂ ಕಳೆದುಕೊಂಡ ಆ ತಂದೆ ತಾಯಿ ಇದ್ದರು. ಜೇಸನ್ ನ್ಯೂಸ್ಟೆಡ್ ಬೇಸ್‌ಗೆ ಬಂದ. 1988ರ ಆಲ್ಬಮ್ಮಿನಲ್ಲಿ ಕ್ಲಿಫ್ ಬಿಟ್ಟುಹೋದ ತುಣುಕುಗಳನ್ನು ಸೇರಿಸಿ 'ಟು ಲಿವ್ ಈಸ್ ಟು ಡೈ' ಎಂಬ ಕೃತಿ ಮಾಡಿದರು. ಆ ಆಲ್ಬಮ್ಮಿನ ಒಂದು ವಿಚಿತ್ರವೆಂದರೆ ಅದರಲ್ಲಿ ಬೇಸ್ ಕೇಳಿಸುವುದೇ ಇಲ್ಲ ಎನ್ನುವಷ್ಟು ಕಡಿಮೆ. ಅಭಿಮಾನಿಗಳು ಇವತ್ತಿಗೂ ಅದರ ಬಗ್ಗೆ ಜಗಳ ಆಡುತ್ತಾರೆ. ನಾನೂ ಆಡುತ್ತೇನೆ, ಕ್ಲಿಫ್‌ನ ಜಾಗ ಖಾಲಿ ಎಂದು ಅದಕ್ಕಿಂತ ಚೆನ್ನಾಗಿ ಹೇಳಲು ಆಗುತ್ತಿರಲಿಲ್ಲ ಅನ್ನುವುದು ನನ್ನ ಪಕ್ಷ. ಜೇಸನ್‌ಗೆ ಅನ್ಯಾಯವಾಯಿತು ಅನ್ನುವುದು ಐರನ್ ಮೇಡನ್ ಗೆಳೆಯನ ಪಕ್ಷ, ಅದೂ ಸರಿಯೇ.

2011ರ ಅಕ್ಟೋಬರ್ 30ರಂದು ಮೆಟಾಲಿಕಾ ಅರಮನೆ ಮೈದಾನಕ್ಕೆ ಬಂತು. ಎರಡು ದಿನ ಮೊದಲು ಗುರುಗಾಂವ್‌ನಲ್ಲಿ ನಡೆಯಬೇಕಿದ್ದ ಕಾರ್ಯಕ್ರಮ ರದ್ದಾಗಿತ್ತು, ಹಾಗಾಗಿ ಭಾರತದಲ್ಲಿ ಅವರನ್ನು ಮೊದಲು ಕೇಳಿದ್ದು ಬೆಂಗಳೂರು. ಅಂದು ಬೇಸ್ ಬಾರಿಸಿದವನು ರಾಬರ್ಟ್ ಟ್ರುಹಿಯೋ. ಕ್ಲಿಫ್ ಸತ್ತು 25 ವರ್ಷ ಆಗಿತ್ತು. ನಾನಾಗ ಪ್ರೈಮರಿ ಶಾಲೆಯ ಹುಡುಗ, ಮೆಟಾಲಿಕಾ ಎಂದರೆ ಏನೆಂದೂ ಗೊತ್ತಿರಲಿಲ್ಲ.

ತಾಯಿ ಜಾನ್ 1993ರಲ್ಲಿ ತೀರಿಕೊಂಡರು. ತಂದೆ ರೇ ಬಹಳ ಕಾಲ ಇದ್ದರು. 2009ರ ಏಪ್ರಿಲ್‌ನಲ್ಲಿ ಮೆಟಾಲಿಕಾವನ್ನು ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿದಾಗ ಮಗನ ಪರವಾಗಿ ವೇದಿಕೆ ಹತ್ತಿದವರು ಅವರು. ತೊಂಬತ್ತು ದಾಟಿದ ಮೇಲೂ ಬ್ಯಾಂಡಿನ ಕಾರ್ಯಕ್ರಮಗಳಿಗೆ ಬಂದು ಕಪ್ಪು ಟೀ ಶರ್ಟಿನ ಹುಡುಗರ ಕೈ ಕುಲುಕುತ್ತಿದ್ದರು. ಮಗನ ಪಾಲಿನ ರಾಯಧನವನ್ನು ಕ್ಯಾಸ್ಟ್ರೋ ವ್ಯಾಲಿ ಹೈಸ್ಕೂಲಿನಲ್ಲಿ ಸಂಗೀತ ಕಲಿಯುವ ಮಕ್ಕಳ ವಿದ್ಯಾರ್ಥಿವೇತನಕ್ಕೆ ಕೊಡುತ್ತಿರುವುದಾಗಿ 2017ರಲ್ಲಿ ಒಂದು ಸಂದರ್ಶನದಲ್ಲಿ ತಿಳಿಸಿದರು. 2020ರ ಜನವರಿಯಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡರು. ಯಾರದೋ ಮಕ್ಕಳಿಗೆ ಕಲಿಯಲು ಇನ್ನಷ್ಟು ವರ್ಷ ಸಿಗಲಿ ಎಂದು ಆ ಮನುಷ್ಯ ಕೊನೆಯವರೆಗೂ ದುಡ್ಡು ಕೊಡುತ್ತಿದ್ದರು.

ಕಳೆದ ತಿಂಗಳು ಅಪ್ಪ ಬ್ಯಾಂಕಿನ ಕೆಲಸಕ್ಕೆ ಚಿಕ್ಕಮಗಳೂರಿಗೆ ಬಂದಿದ್ದರು. ಸಂಜೆ ಒಟ್ಟಿಗೇ ಬಸ್ಸು ಹತ್ತಿದೆವು. ಕೊನೆಯ ಸೀಟು ಖಾಲಿ ಇತ್ತು. ದಿನಾ ಏನು ಕೇಳುತ್ತೀಯ ಅಂದರು. ಒಂದು ಕಿವಿ ಅವರಿಗೆ ಕೊಟ್ಟು 'ಒರಾಯನ್' ಹಾಕಿದೆ. ಸ್ವಲ್ಪ ಹೊತ್ತಿನ ಮೇಲೆ ಹಾಡುವುದು ಯಾವಾಗ ಅಂದರು. ಹಾಡುವುದಿಲ್ಲ ಅಂದೆ. ಬೇಸ್ ಒಂದೇ ಉಳಿಯುವ ಜಾಗ ಬಂದಾಗ ಅವರ ಬೆರಳು ಮುಂದಿನ ಸೀಟಿನ ಸರಳಿನ ಮೇಲೆ ಮೆಲ್ಲಗೆ ತಾಳ ಹಾಕುತ್ತಿತ್ತು. ನಾನು ನೋಡಿದ್ದು ಗೊತ್ತಾಗಿ ನಿಲ್ಲಿಸಿದರು. ವಸ್ತಾರೆ ಬಂತು. ಇಯರ್‌ಫೋನ್ ತೆಗೆದು ಮಡಚಿ ನನ್ನ ಕೈಗೆ ಕೊಟ್ಟು, ನಾಳೆ ಬಟವಾಡೆ, ಬೇಗ ಏಳಬೇಕು ಅನ್ನುತ್ತ ಇಳಿದರು.